ಹಾರುವ ಬೈಕ್ ಏರುವ ಮೊದಲು ಇಳಿಯುವುದನ್ನು ಕಲಿಯಿರಿ

ಹಾರುವ ಮೋಟಾರ್‌ಸೈಕಲ್ ಬಗ್ಗೆ ವಿಚಾರಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು ಅದರ ವೇಗ ಎಷ್ಟು, ಅದು ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದನ್ನು. ನನ್ನ ಮೊದಲ ಪ್ರಶ್ನೆ ಬೇರೆ. ನಡುಗಾಳಿಯಲ್ಲಿ ಒಂದು ಮೋಟಾರ್ ನಿಂತುಹೋದರೆ ಆ ಯಂತ್ರ ಸವಾರನನ್ನು ಹೇಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಪೆಟ್ಟಿನೊಂದಿಗೆ ನೆಲಕ್ಕೆ ತರುತ್ತದೆ? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಸಿಗದ ಯಂತ್ರದ ಮೇಲೆ ಕೂರಬಾರದು. ಯಂತ್ರವನ್ನು ಆರಿಸುವುದರಿಂದ ಹಿಡಿದು ಮೊದಲ ಹಾರಾಟ ಮುಗಿಸಿ ಇಳಿಯುವವರೆಗೆ ಏನನ್ನು ನೋಡಬೇಕು, ಏನನ್ನು ಕಲಿಯಬೇಕು ಎಂಬುದನ್ನೆಲ್ಲ ಇಲ್ಲಿ ಆ ಒಂದು ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಹೇಳಿದ್ದೇನೆ.

ಇದರ ಸೆಳೆತವನ್ನು ಹಗುರವಾಗಿ ಕಾಣುವವನು ನಾನಲ್ಲ. ವಿಮಾನದಲ್ಲಿ ಕುಳಿತವರಿಗೆ ಆಕಾಶವು ಕಿಟಕಿಯ ಆಚೆಗಿನ ನೋಟ ಮಾತ್ರ. ಬೈಕ್ ಸವಾರನಿಗಾದರೋ ಗಾಳಿ ಎದೆಗೇ ಬಡಿಯುತ್ತದೆ, ಮೈ ವಾಲಿದ ಕಡೆಗೆ ವಾಹನ ವಾಲುತ್ತದೆ, ಕೈಯ ಸಣ್ಣ ಚಲನೆಗೂ ಯಂತ್ರ ಮರುನುಡಿಯುತ್ತದೆ. ಹಾರುವ ಬೈಕ್ ಈ ಆಪ್ತತೆಯನ್ನು ಗಾಳಿಗೆ ಒಯ್ಯುತ್ತದೆ. ಅದಕ್ಕೆ ರಸ್ತೆ ಬೇಡ, ರನ್‌ವೇ ಬೇಡ. ಹೊಳೆ, ಕೆಸರು, ಕಂದಕ ಯಾವುದೂ ಅಡ್ಡಿಯಾಗುವುದಿಲ್ಲ. ನಿಂತ ಜಾಗದಿಂದಲೇ ನೇರವಾಗಿ ಮೇಲೇಳಬಹುದು. ನೆರೆಯಲ್ಲಿ ಸಿಕ್ಕಿಕೊಂಡವರ ಬಳಿಗೋ ದಾರಿಯಿಲ್ಲದ ಗುಡ್ಡದ ತುದಿಗೋ ಒಬ್ಬ ರಕ್ಷಣಾ ಸಿಬ್ಬಂದಿಯನ್ನು ಕೆಲವೇ ನಿಮಿಷಗಳಲ್ಲಿ ತಲುಪಿಸುವ ಸಾಧ್ಯತೆಯೂ ಇದರಲ್ಲಿದೆ. ಮೋಹಗೊಳ್ಳುವುದು ಸಹಜ. ಆದರೆ ಆ ಮೋಹದಲ್ಲಿ ಇದನ್ನು ಬೈಕಿನ ಇನ್ನೊಂದು ಬಗೆ ಎಂದು ತಿಳಿಯುವುದು ಅಪಾಯಕ್ಕೆ ಹಾಕುವ ಮೊದಲ ಹೆಜ್ಜೆ. ಆಕಾರ, ಆಸನ, ಹ್ಯಾಂಡಲ್ ಏನೇ ಇರಲಿ, ಇದು ರೆಕ್ಕೆಯಿಲ್ಲದ ಒಂದು ಪುಟ್ಟ ವಿಮಾನ.

ಈ ತಪ್ಪು ತಿಳಿವಳಿಕೆ ಹೊಸದೇನಲ್ಲ. 1950ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಡಿ ಲ್ಯಾಕ್ನರ್ ಕಂಪನಿ ಎಚ್‌ಜೆಡ್-1 ಏರೋಸೈಕಲ್ ಎಂಬ ಯಂತ್ರವನ್ನು ಕಟ್ಟಿತು. ಒಂದರ ಮೇಲೊಂದು ಎದುರುಬದುರು ದಿಕ್ಕಿಗೆ ತಿರುಗುವ ಎರಡು ರೋಟರ್‌ಗಳ ಮೇಲಿನ ಸಣ್ಣ ಅಟ್ಟಣೆಯಲ್ಲಿ ಯೋಧನು ನಿಂತು, ಮೈ ವಾಲಿಸಿ ದಿಕ್ಕು ಬದಲಿಸಬೇಕಿತ್ತು. ಕೇವಲ 20 ನಿಮಿಷಗಳ ತರಬೇತಿಯಿಂದ ಯಾವ ಸೈನಿಕನೂ ಇದನ್ನು ಹಾರಿಸಬಲ್ಲ ಎಂಬುದು ಅದರ ಹಿಂದಿನ ಕಲ್ಪನೆ. ಪರೀಕ್ಷೆಯಲ್ಲಿ ಮೇಲಿನ ಮತ್ತು ಕೆಳಗಿನ ರೋಟರ್‌ಗಳ ಅಲಗುಗಳು ಒಂದಕ್ಕೊಂದು ಬಡಿದು ಎರಡು ಬಾರಿ ಯಂತ್ರ ನೆಲಕ್ಕಪ್ಪಳಿಸಿತು. ತರಬೇತಿಯಿಲ್ಲದ ಸೈನಿಕನ ಕೈಗೆ ಕೊಡುವಂಥದ್ದಲ್ಲ ಎಂಬುದು ಹಾರಿಸಿದವರಿಗೇ ಮನವರಿಕೆಯಾಯಿತು. ಇಂದಿನ ಯಂತ್ರಗಳಲ್ಲಿ ಸಮತೋಲನವನ್ನು ಕಂಪ್ಯೂಟರ್ ನೋಡಿಕೊಳ್ಳುವುದರಿಂದ ಹಾರಿಸುವುದು ನಿಜಕ್ಕೂ ಸುಲಭವಾಗಿದೆ. ಹಾಗೆಂದು ಐದೇ ನಿಮಿಷದಲ್ಲಿ ಕಲಿಯಬಹುದು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಆ 20 ನಿಮಿಷಗಳನ್ನು ನೆನಪಿಸಿಕೊಳ್ಳಬೇಕು. ಐದು ನಿಮಿಷದಲ್ಲಿ ಕಲಿಯುವುದು ಎಲ್ಲವೂ ಸರಿಯಾಗಿದ್ದಾಗ ಹಾರಿಸುವುದನ್ನು ಮಾತ್ರ.

ಗಾಳಿಯಲ್ಲಿರುವ ಹೊತ್ತನ್ನು ಲೆಕ್ಕ ಹಾಕುವುದು

ಇಂಥ ಯಂತ್ರಗಳ ಬಹುದೊಡ್ಡ ಮಿತಿ ಕಾಲ. 1961ರ ಏಪ್ರಿಲ್‌ನಲ್ಲಿ ಹೆರಾಲ್ಡ್ ಗ್ರಹಾಂ ಬೆನ್ನಿಗೆ ಕಟ್ಟಿಕೊಂಡು ಹಾರಿದ ಬೆಲ್ ರಾಕೆಟ್ ಬೆಲ್ಟ್‌ನ ಇಂಧನ ಸುಮಾರು 21 ಸೆಕೆಂಡಿಗೆ ಮುಗಿದುಹೋಗುತ್ತಿತ್ತು. 2019ರ ಆಗಸ್ಟ್ 4ರಂದು ಫ್ರಾಂಕಿ ಜಪಾಟಾ ಜೆಟ್ ಹಲಗೆಯ ಮೇಲೆ ನಿಂತು ಸುಮಾರು 22 ನಿಮಿಷಗಳಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದಾಗಲೂ ನಡುದಾರಿಯಲ್ಲಿ ದೋಣಿಯ ಮೇಲಿಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಅದಕ್ಕೆ ಹತ್ತು ದಿನ ಮುಂಚಿನ ಯತ್ನದಲ್ಲಿ ಅದೇ ದೋಣಿಯ ಹಂತದಲ್ಲಿ ಅವರು ನೀರಿಗೆ ಬಿದ್ದಿದ್ದರು. ವಿದ್ಯುತ್ತಿನಿಂದ ಹಾರುವ, ಎಂಟು ಮೋಟಾರ್‌ಗಳ ಜೆಟ್‌ಸನ್ ಒನ್‌ಗೆ ತಯಾರಕರು ಹೇಳುವ ಗರಿಷ್ಠ ಹಾರಾಟ 20 ನಿಮಿಷ. ಪೆಟ್ರೋಲ್ ಎಂಜಿನ್ನನ್ನೂ ಬಳಸುವ, ಸುಮಾರು 300 ಕಿಲೋ ತೂಕದ ಜಪಾನಿನ ಎಕ್ಸ್‌ಟ್ಯುರಿಸ್ಮೋಗೆ ಹೇಳಿದ್ದು 40 ನಿಮಿಷ.

ಇಷ್ಟು ಕಡಿಮೆ ಏಕೆ ಎಂಬುದನ್ನು ಒಮ್ಮೆ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಲೆಕ್ಕ ಗೊತ್ತಿದ್ದವರು ಜಾಹೀರಾತಿನ ಅಂಕಿಗೆ ಮೋಸಹೋಗುವುದಿಲ್ಲ. ಚೌಕಟ್ಟು 55 ಕಿಲೋ, ಬ್ಯಾಟರಿ 60 ಕಿಲೋ, ಸವಾರ 85 ಕಿಲೋ, ಒಟ್ಟು 200 ಕಿಲೋ ಎಂದಿಟ್ಟುಕೊಳ್ಳೋಣ. ಪ್ರೊಪೆಲರ್‌ಗಳು ತಿರುಗುವ ವೃತ್ತಗಳ ಒಟ್ಟು ವಿಸ್ತೀರ್ಣ 3 ಚದರ ಮೀಟರ್ ಇರಲಿ. ಈ ತೂಕವನ್ನು ಗಾಳಿಯಲ್ಲಿ ಒಂದೆಡೆ ನಿಲ್ಲಿಸಿಡಲು ಸಿದ್ಧಾಂತದ ಪ್ರಕಾರವೇ ಸುಮಾರು 32 ಕಿಲೋವ್ಯಾಟ್ ಬೇಕು. ಮೋಟಾರ್, ತಂತಿ, ಪ್ರೊಪೆಲರ್‌ಗಳಲ್ಲಾಗುವ ನಷ್ಟವನ್ನು ಸೇರಿಸಿದರೆ ಅದು 45ರಿಂದ 50 ಕಿಲೋವ್ಯಾಟ್ ಆಗುತ್ತದೆ. ಅದೇ 200 ಕಿಲೋವನ್ನು ಸಣ್ಣ ಹೆಲಿಕಾಪ್ಟರಿನಂತೆ 7.7 ಮೀಟರ್ ವ್ಯಾಸದ ಒಂದೇ ರೋಟರ್ ಎತ್ತುವುದಾದರೆ ಸಿದ್ಧಾಂತದಲ್ಲಿ 8 ಕಿಲೋವ್ಯಾಟ್ ಸಾಕು. ಬೈಕಿನ ಅಳತೆಗೆ ಕುಗ್ಗಿಸಿದ್ದಕ್ಕೆ ತೆರಬೇಕಾದ ಬೆಲೆ ಇದು: ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವ ಬದಲು ಸ್ವಲ್ಪ ಗಾಳಿಯನ್ನು ರಭಸದಿಂದ ತಳ್ಳಬೇಕಾಗುತ್ತದೆ. 60 ಕಿಲೋ ಬ್ಯಾಟರಿಯಲ್ಲಿ ಹಿಡಿಸುವುದು ಹೆಚ್ಚುಕಡಿಮೆ 12 ಯೂನಿಟ್ ವಿದ್ಯುತ್. ಅಂದರೆ ಹದಿನೈದು ನಿಮಿಷ. ಅದರಲ್ಲಿ ಶೇ. 30ರಷ್ಟನ್ನು ಮುಟ್ಟದೆ ಮೀಸಲಿಟ್ಟರೆ ನಿಮ್ಮ ಕೈಗೆ ಉಳಿಯುವುದು ಹತ್ತೇ ನಿಮಿಷ.

ಆ ಮೀಸಲು ಐಚ್ಛಿಕವಲ್ಲ. ನೆಲದ ಮೇಲಿನ ವಿದ್ಯುತ್ ಬೈಕ್ ಬ್ಯಾಟರಿ ಇಳಿದಾಗ ನಿಧಾನವಾಗುತ್ತದೆ, ಕೊನೆಗೆ ದಾರಿಬದಿಯಲ್ಲಿ ನಿಲ್ಲುತ್ತದೆ. ಹಾರುವ ಬೈಕಿಗೆ ನಿಧಾನವಾಗುವ ಅವಕಾಶವಿಲ್ಲ. ಗಾಳಿಯಲ್ಲಿ ಒಂದೆಡೆ ನಿಂತಿರುವುದಕ್ಕೇ ಅದು ಹೆಚ್ಚಿನ ಶಕ್ತಿಯನ್ನು ಎಳೆಯುತ್ತಿರುತ್ತದೆ. ಚಾರ್ಜ್ ಕೆಳಗಿಳಿದಂತೆ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಅದೇ ಶಕ್ತಿಗೆ ಹೆಚ್ಚು ಕರೆಂಟ್ ಎಳೆಯಬೇಕಾಗುತ್ತದೆ, ಹೆಚ್ಚು ಎಳೆದಷ್ಟೂ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಹೀಗಾಗಿ ಪರದೆಯಲ್ಲಿ ಶೇ. 15 ಎಂದು ಕಾಣುತ್ತಿದ್ದರೂ ಇಳಿಯುವಾಗಿನ ಕೊನೆಯ ಗಾಳಿಹೊಡೆತವನ್ನು ತಡೆದುಕೊಳ್ಳುವ ಬಲ ಉಳಿದಿರದೇ ಇರಬಹುದು. ಚಳಿಯಲ್ಲಿ ಇದು ಇನ್ನೂ ಬೇಗ ಎದುರಾಗುತ್ತದೆ. ಚಾರ್ಜಿನ ಶೇಕಡಾವಾರನ್ನು ನೋಡಿಕೊಂಡು ಹಾರುವುದಕ್ಕಿಂತ ಕೈಗಡಿಯಾರದ ಅಲಾರಂ ಇಟ್ಟುಕೊಂಡು ಹಾರುವುದು ಮೇಲು ಎಂಬುದು ನನ್ನ ಅನುಭವ. ಅಲಾರಂ ಬಾರಿಸಿದಾಗ ಎಲ್ಲಿದ್ದೀರೋ ಅಲ್ಲಿಂದ ಇಳಿಯುವ ಕೆಲಸ ಶುರುವಾಗಬೇಕು.

ತೂಕದ ವಿಷಯದಲ್ಲಿ ಪ್ರಾಮಾಣಿಕರಾಗಿರಿ. ಜೆಟ್‌ಸನ್ ಒನ್‌ಗೆ ಹೇಳಿರುವ ಸವಾರನ ಗರಿಷ್ಠ ತೂಕ 95 ಕಿಲೋ. ನೀವು 90 ಕಿಲೋ ಇದ್ದು ಹೆಲ್ಮೆಟ್, ಬೂಟು, ದಪ್ಪ ಜಾಕೆಟ್, ಕೈಚೀಲ ಸೇರಿ ಮಿತಿ ದಾಟುವುದಾದರೆ ಆ ಯಂತ್ರ ನಿಮ್ಮದಲ್ಲ. ಒಟ್ಟು ತೂಕ ಶೇ. 10 ಹೆಚ್ಚಾದರೆ ಬೇಕಾಗುವ ಶಕ್ತಿ ಸುಮಾರು ಶೇ. 15 ಹೆಚ್ಚುತ್ತದೆ. ಹಾಗೆಯೇ ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರದ ಜಾಗದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 14 ಕಡಿಮೆ, 40 ಡಿಗ್ರಿ ಬಿಸಿಲಿನಲ್ಲಿ 15 ಡಿಗ್ರಿಗಿಂತ ಸುಮಾರು ಶೇ. 8 ಕಡಿಮೆ. ಎತ್ತರದ ಬಯಲಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಾರುವವರಿಗೆ ಇವೆರಡೂ ಒಟ್ಟಿಗೇ ಬಂದು ಬೀಳುತ್ತವೆ. ಬೆಳಗಿನ ತಂಪು ಹೊತ್ತನ್ನು ಆರಿಸಿಕೊಂಡರೆ ಗಾಳಿ ಗಟ್ಟಿಯಾಗಿಯೂ ಶಾಂತವಾಗಿಯೂ ಇರುತ್ತದೆ.

ಕೆಟ್ಟರೆ ಏನಾಗುತ್ತದೆ ಎಂದು ಕೇಳುವುದು

ಎಂಜಿನ್ ನಿಂತ ವಿಮಾನ ರೆಕ್ಕೆಯ ಬಲದಿಂದ ತೇಲಿಕೊಂಡು ಇಳಿಯಬಲ್ಲದು. ಎಂಜಿನ್ ನಿಂತ ಹೆಲಿಕಾಪ್ಟರಿನ ದೊಡ್ಡ ರೋಟರ್ ಕೆಳಗಿನಿಂದ ನುಗ್ಗುವ ಗಾಳಿಗೆ ತಿರುಗುತ್ತಲೇ ಇದ್ದು, ನುರಿತ ಪೈಲಟ್ ಅದನ್ನು ಮೆಲ್ಲನೆ ಇಳಿಸಬಲ್ಲ. ಸಣ್ಣ, ಹಗುರ, ಕೋನ ಬದಲಿಸಲಾಗದ ಪ್ರೊಪೆಲರ್‌ಗಳ ಹಾರುವ ಬೈಕಿಗೆ ಈ ಎರಡೂ ದಾರಿಗಳಿಲ್ಲ. ಶಕ್ತಿ ಹೋಯಿತೆಂದರೆ ಅದು ಕಲ್ಲಿನಂತೆ ಬೀಳುತ್ತದೆ. ಜೆಟ್ ಎಂಜಿನ್ನಿನ ಬಲದಿಂದ ನಿಲ್ಲುವ, 2025ರಲ್ಲಿ ಬೆಳಕಿಗೆ ಬಂದ ವೋಲೋನಾಟ್ ಏರ್‌ಬೈಕಿನಂಥವುಗಳಲ್ಲಿ ತಿರುಗುವ ಅಲಗುಗಳು ಹೊರಗೆ ಕಾಣುವುದಿಲ್ಲ, ಸವಾರನ ಕಾಲಿಗೆ ತಗಲುವ ಭಯವೂ ಇಲ್ಲ; ಆದರೆ ತೇಲುವ ಗುಣ ಅವುಗಳಿಗೂ ಇಲ್ಲ.

ಆದ್ದರಿಂದ ಮೋಟಾರ್‌ಗಳ ಸಂಖ್ಯೆಯನ್ನು ನೋಡಬೇಕು. ನಾಲ್ಕೇ ಪ್ರೊಪೆಲರ್‌ಗಳ ಮೇಲೆ ನಿಂತ ಯಂತ್ರದಲ್ಲಿ ಒಂದು ಕೈಕೊಟ್ಟರೆ ಆ ಮೂಲೆಯನ್ನು ಎತ್ತಿಹಿಡಿಯುವವರೇ ಇಲ್ಲ. ಸವಾರನನ್ನು ಹೊತ್ತು ಸಮತಟ್ಟಾಗಿ ನಿಲ್ಲುವುದು ಅದಕ್ಕೆ ಸಾಧ್ಯವಾಗದು. ಪ್ರತಿ ಮೂಲೆಯಲ್ಲೂ ಮೇಲೊಂದು ಕೆಳಗೊಂದರಂತೆ ಎಂಟು ಇದ್ದರೆ ಜೊತೆಗಾರ ಮೋಟಾರ್ ಹೆಚ್ಚು ದುಡಿದು ಯಂತ್ರವನ್ನು ಕೆಳಗಿಳಿಸಬಲ್ಲದು. ಆದರೆ ಸಂಖ್ಯೆಯೊಂದೇ ಸಾಲದು. ಎಂಟು ಮೋಟಾರ್‌ಗಳಿಗೂ ಒಂದೇ ಬ್ಯಾಟರಿ, ಒಂದೇ ಮುಖ್ಯ ಕನೆಕ್ಟರ್, ಒಂದೇ ಕಂಪ್ಯೂಟರ್ ಇದ್ದರೆ ಆ ಒಂದು ಕೆಟ್ಟಾಗ ಎಂಟೂ ಒಟ್ಟಿಗೆ ನಿಲ್ಲುತ್ತವೆ. ಬ್ಯಾಟರಿಗಳು ಎಷ್ಟು ಭಾಗಗಳಾಗಿವೆ, ಯಾವ ಭಾಗ ಯಾವ ಮೋಟಾರ್‌ಗಳಿಗೆ ಹೋಗುತ್ತದೆ, ಎತ್ತರವನ್ನೂ ವಾಲಿಕೆಯನ್ನೂ ಅಳೆಯುವ ಸಂವೇದಕಗಳು ಎಷ್ಟೆಷ್ಟಿವೆ ಎಂದು ಒಂದೊಂದಾಗಿ ಕೇಳಿ. 2020ರಲ್ಲಿ ದುಬೈಯಲ್ಲಿ ನಾಲ್ಕು ಪ್ರೊಪೆಲರ್‌ಗಳ ಬೈಕೊಂದು ಪರೀಕ್ಷೆಯ ವೇಳೆ ಸುಮಾರು 30 ಮೀಟರ್ ಎತ್ತರದಿಂದ ಹತೋಟಿ ತಪ್ಪಿ ಬಿತ್ತು. ಪೈಲಟ್ ದೊಡ್ಡ ಗಾಯಗಳಿಲ್ಲದೆ ಪಾರಾದರು. ಎತ್ತರವನ್ನು ಅಳೆಯುವ ಬ್ಯಾರೋಮೀಟರ್ ಕೆಟ್ಟದ್ದು ಕಾರಣವೆಂದು ತಯಾರಕರು ಹೇಳಿದರು. ಬೈಕಿನಲ್ಲಿ ಮೀಟರ್ ಕೆಟ್ಟರೆ ಯಾರೂ ಬೀಳುವುದಿಲ್ಲ. ಇಲ್ಲಿ ಅಳತೆಯ ಸಾಧನವೇ ಯಂತ್ರವನ್ನು ಹಾರಿಸುತ್ತಿರುತ್ತದೆ.

ಪೂರ್ತಿ ಭಾರ ಹೊತ್ತು, ಗಾಳಿಯಲ್ಲಿ ಒಂದು ಮೋಟಾರನ್ನು ಉದ್ದೇಶಪೂರ್ವಕವಾಗಿ ನಿಲ್ಲಿಸಿ ತೋರಿಸಿದ ಪರೀಕ್ಷೆಯ ದಾಖಲೆಯನ್ನು ಕೇಳುವುದಕ್ಕೆ ಸಂಕೋಚಪಡಬೇಡಿ. ಸಿದ್ಧಾಂತದಲ್ಲಿ ಇಳಿಯುತ್ತದೆ ಎಂಬ ಉತ್ತರಕ್ಕೆ ಒಪ್ಪಬೇಡಿ.

ಪ್ಯಾರಾಚೂಟ್ ಇದೆಯಲ್ಲ ಎಂದು ಹಲವರು ಧೈರ್ಯ ತಂದುಕೊಳ್ಳುತ್ತಾರೆ. ಸ್ಫೋಟಕದ ಬಲದಿಂದ ಥಟ್ಟನೆ ಹೊರಚಿಮ್ಮುವ ಪ್ಯಾರಾಚೂಟ್‌ಗಳು ಹಗುರ ವಿಮಾನಗಳಲ್ಲಿ ಬಹಳ ಜೀವಗಳನ್ನು ಉಳಿಸಿರುವುದು ನಿಜ. ಆದರೆ ಅದು ಬಿಚ್ಚಿ ಗಾಳಿ ತುಂಬಿಕೊಳ್ಳಲು ಹೊತ್ತು ಬೇಕು, ಆ ಹೊತ್ತಿಗೆ ಎತ್ತರ ಬೇಕು. ಬೀಳುವ ವಸ್ತು ಎರಡು ಸೆಕೆಂಡಿನಲ್ಲಿ ಸುಮಾರು 20 ಮೀಟರ್ ಇಳಿದಿರುತ್ತದೆ. ಏನಾಯಿತೆಂದು ಅರಿವಾಗಿ ಕೈ ಹಿಡಿಕೆಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡು ಕಳೆದಿರುತ್ತದೆ. ಮೂರು ಮೀಟರಿನಿಂದ ಬಿದ್ದರೆ ನೆಲಕ್ಕೆ ಬಡಿಯುವ ವೇಗ ಗಂಟೆಗೆ 28 ಕಿಲೋಮೀಟರ್. ಒಳ್ಳೆಯ ಆಸನ, ಬೆಲ್ಟ್, ಗಟ್ಟಿ ಚೌಕಟ್ಟು ಇದ್ದರೆ ಬದುಕಿ ಉಳಿಯಬಹುದಾದ ಪೆಟ್ಟು. ಹತ್ತು ಮೀಟರಿನಿಂದಾದರೆ 50, ಇಪ್ಪತ್ತರಿಂದಾದರೆ 71. ಕೆಳಗೆ ಬಿದ್ದರೂ ತಡೆದುಕೊಳ್ಳಬಹುದಾದ ಮೂರು ಮೀಟರ್ ಮತ್ತು ಪ್ಯಾರಾಚೂಟ್ ಕೆಲಸಕ್ಕೆ ಬರುವ ಎತ್ತರ, ಇವೆರಡರ ನಡುವಿನ ಪಟ್ಟಿಯೇ ನಿಜವಾದ ಮೃತ್ಯುವಲಯ. ವಿಚಿತ್ರವೆಂದರೆ ಹೊಸಬರಿಗೆ ಸುರಕ್ಷಿತವೆಂದು ಅನಿಸುವ ಎತ್ತರವೂ ಅದೇ: ಮರದ ತಲೆಗಿಂತ ಕೆಳಗೆ, ನೆಲ ಕಣ್ಣಿಗೆ ಹತ್ತಿರವಾಗಿ ಕಾಣುವ ಎಂಟು ಹತ್ತು ಮೀಟರ್. ನಿಮ್ಮ ಯಂತ್ರದ ಪ್ಯಾರಾಚೂಟ್ ಕನಿಷ್ಠ ಎಷ್ಟು ಎತ್ತರದಿಂದ ಉಳಿಸುತ್ತದೆ ಎಂಬುದನ್ನು ತಯಾರಕರಿಂದ ಬರೆಸಿಕೊಳ್ಳಿ. ಆ ಅಂಕಿ ಕೈಗೆ ಬಂದ ಮೇಲೆ ಹಾರಾಟವನ್ನು ಎರಡೇ ಎತ್ತರಗಳಲ್ಲಿ ಯೋಜಿಸಿ: ಒಂದೋ ಮೂರು ಮೀಟರಿನ ಒಳಗೆ, ಇಲ್ಲವೋ ಆ ಅಂಕಿಗಿಂತ ಸಾಕಷ್ಟು ಮೇಲೆ. ನಡುವಿನ ಪಟ್ಟಿ ಹಾದುಹೋಗುವುದಕ್ಕೆ ಮಾತ್ರ, ನಿಲ್ಲುವುದಕ್ಕಲ್ಲ.

ಸವಾರನ ಸುತ್ತ ಪಂಜರದಂಥ ಚೌಕಟ್ಟು ಇರುವ, ಬೆಲ್ಟ್ ಕಟ್ಟಿ ಕೂರಿಸುವ ವಿನ್ಯಾಸವನ್ನೇ ನಾನು ಆರಿಸುತ್ತೇನೆ. ಕಾಲು ಇಳಿಬಿಟ್ಟು ಕೂರುವ ತೆರೆದ ಬೈಕಿನ ಆಕಾರ ನೋಡಲು ಚೆಂದ, ಆದರೆ ಅದರಲ್ಲಿ ಮೊಣಕಾಲಿನ ಮಟ್ಟದಲ್ಲೇ ಪ್ರೊಪೆಲರ್‌ಗಳು ತಿರುಗುತ್ತಿರುತ್ತವೆ. 1.5 ಮೀಟರ್ ವ್ಯಾಸದ ಪ್ರೊಪೆಲರ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 560 ಕಿಲೋಮೀಟರಿಗೂ ಹೆಚ್ಚು. ಅದರ ಮುಂದೆ ಚರ್ಮದ ಬೂಟು ರಕ್ಷಣೆಯೇ ಅಲ್ಲ.

ಬೈಕಿನ ಅಭ್ಯಾಸಗಳನ್ನು ಬಿಡುವುದು

ಹಲವು ವರ್ಷ ಬೈಕ್ ಓಡಿಸಿದವನಾಗಿ, ಡ್ರೋನ್‌ಗಳನ್ನು ಕಟ್ಟಿ ಹಾರಿಸಿದವನಾಗಿ, ಸಿಮ್ಯುಲೇಟರಿನಲ್ಲಿ ಇದು ನನಗೆ ಬೇಗ ಒಗ್ಗುತ್ತದೆಂದು ಭಾವಿಸಿದ್ದೆ. ಪರದೆಯಲ್ಲಿ ಒಂದು ಮರ ಹತ್ತಿರ ಬರತೊಡಗಿದಾಗ ನನ್ನ ಬಲಗೈಯ ಎರಡು ಬೆರಳುಗಳು ತಾವಾಗಿಯೇ ಮುಂದೆ ಚಾಚಿ, ಅಲ್ಲಿಲ್ಲದ ಬ್ರೇಕ್ ಹಿಡಿಕೆಯನ್ನು ಹುಡುಕಿದವು. ಬಲಗಾಲು ಕೆಳಗೆ ಒತ್ತಿತು. ಆ ಅರೆ ಸೆಕೆಂಡಿನಲ್ಲಿ ನಾನು ಮಾಡಬೇಕಿದ್ದ ಕೆಲಸ ಮೂತಿಯನ್ನು ಮೇಲೆತ್ತಿ ಹಿಂದಕ್ಕೆ ವಾಲುವುದು. ಮಾಡಲಿಲ್ಲ. ಮರಕ್ಕೆ ಹೊಡೆದೆ. ಅಂದು ಸಂಜೆಯವರೆಗೆ ಅದೊಂದನ್ನೇ ಅಭ್ಯಾಸ ಮಾಡಿದೆ, ಆದರೂ ಮರುದಿನ ಬೆಳಿಗ್ಗೆ ಮೊದಲ ಯತ್ನದಲ್ಲಿ ಬೆರಳುಗಳು ಮತ್ತೆ ಚಾಚಿದವು. ಸ್ನಾಯುಗಳ ನೆನಪು ಅಷ್ಟು ಆಳದ್ದು. ಬೈಕ್ ಓಡಿಸಿ ಪಳಗಿದವರು ತಮ್ಮ ಅನುಭವ ಇಲ್ಲಿ ಅನುಕೂಲವೆಂದು ನಂಬಬಾರದು; ಕೆಲವು ವಿಷಯಗಳಲ್ಲಿ ಅದೇ ತೊಡಕು.

ನಿಲ್ಲುವ ದೂರವನ್ನು ಅಂಕಿಗಳಲ್ಲಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಬೈಕ್ ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ಸುಮಾರು 18 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ವೇಗದ ಹಾರುವ ಬೈಕ್ 20 ಡಿಗ್ರಿ ಹಿಂದಕ್ಕೆ ವಾಲಿ ನಿಲ್ಲಲು ಸುಮಾರು 39 ಮೀಟರ್ ತೆಗೆದುಕೊಳ್ಳುತ್ತದೆ, ಎತ್ತರ ಕಳೆದುಕೊಳ್ಳದಂತೆ ಶಕ್ತಿಯನ್ನೂ ಹೆಚ್ಚಿಸಬೇಕಾಗುತ್ತದೆ. ಅದೇ ವಾಲಿಕೆಯಲ್ಲಿ ತಿರುಗಿದರೆ ತಿರುವಿನ ತ್ರಿಜ್ಯ 78 ಮೀಟರ್. ಗಾಳಿಯಲ್ಲಿ ಟೈರು ನೆಲವನ್ನು ಕಚ್ಚುವಂಥ ಹಿಡಿತ ಯಾವುದೂ ಇಲ್ಲ. ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಈ ದೂರಗಳು ಇನ್ನೂ ಹಿಗ್ಗುತ್ತವೆ. ಕಣ್ಣು ರಸ್ತೆಯಲ್ಲಿ ನೋಡುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೂರ ನೋಡುವುದನ್ನು ರೂಢಿಸಿಕೊಳ್ಳಬೇಕು. ಅಷ್ಟು ದೂರದಿಂದ ಕಾಣದ ಒಂದು ವಸ್ತು ವಿದ್ಯುತ್ ತಂತಿ. ತಂತಿಯನ್ನು ಹುಡುಕಬೇಡಿ, ಕಂಬವನ್ನು ಹುಡುಕಿ. ಎರಡು ಕಂಬಗಳು ಕಂಡವೆಂದರೆ ನಡುವೆ ತಂತಿ ಇದ್ದೇ ಇದೆ ಎಂದು ತಿಳಿಯಿರಿ.

ಇನ್ನೊಂದು ಅಭ್ಯಾಸ, ತೊಂದರೆಯೆನಿಸಿದಾಗ ಥ್ರಾಟಲ್ ಪೂರ್ತಿ ಬಿಡುವುದು. ರಸ್ತೆಯಲ್ಲಿ ಅದು ಸರಿ. ಗಾಳಿಯಲ್ಲಿ ಹಾಗೆ ಬಿಟ್ಟರೆ ಕೆಲವು ಯಂತ್ರಗಳು ಇದ್ದಲ್ಲೇ ನಿಲ್ಲುತ್ತವೆ, ಕೆಲವು ಕೆಳಗೆ ಬೀಳುತ್ತವೆ. ಕೈಬಿಟ್ಟಾಗ ತಾನಾಗಿ ಸ್ಥಿರವಾಗಿ ನಿಲ್ಲುವ ಯಂತ್ರವನ್ನು ಮಾತ್ರ ಹೊಸಬರು ಮುಟ್ಟಬೇಕು.

ಏರುವ ಮುನ್ನ

ನೋಡಬೇಕಾದ್ದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಪ್ರತಿ ಸಲವೂ ಓದುತ್ತ ನೋಡಿ, ನೆನಪನ್ನು ನಂಬಬೇಡಿ. ಪ್ರೊಪೆಲರ್‌ಗಳ ಪರೀಕ್ಷೆಗೆ ಹೆಚ್ಚು ಹೊತ್ತು ಕೊಡಿ. ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ಒಂದೊಂದು ಅಲಗಿನ ಮುಂಭಾಗದ ಅಂಚಿನ ಮೇಲೆ ಬುಡದಿಂದ ತುದಿಯವರೆಗೆ ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಎಳೆಯಿರಿ. ಕಣ್ಣಿಗೆ ಕಾಣದ ಸಣ್ಣ ಚಕ್ಕೆಯೂ ಉಗುರಿಗೆ ತೊಡರುತ್ತದೆ. ಆಮೇಲೆ ಅಲಗನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಕೇಳಿ: ಒಳಗೆ ಪದರ ಬಿಟ್ಟ ಕಾರ್ಬನ್ ನಾರಿನ ಸದ್ದು ಮಂಕಾಗಿರುತ್ತದೆ, ಗಟ್ಟಿಯಾದದ್ದು ಸ್ಪಷ್ಟವಾಗಿ ನುಡಿಯುತ್ತದೆ. ಸಂಶಯ ಬಂದ ಪ್ರೊಪೆಲರನ್ನು ಅಂಟಿಸಿ ಬಳಸಬೇಡಿ, ಬದಲಿಸಿ. ಪ್ರತಿ ಮೋಟಾರನ್ನು ಕೈಯಿಂದ ತಿರುಗಿಸಿ ಬೇರಿಂಗ್ ಕರಕರ ಎನ್ನುತ್ತದೆಯೇ ನೋಡಿ. ಬೋಲ್ಟ್‌ಗಳ ಮೇಲೆ ಬಣ್ಣದ ಗೆರೆ ಎಳೆದಿಟ್ಟಿದ್ದರೆ ಸಡಿಲವಾದದ್ದು ನೋಟಕ್ಕೇ ಸಿಗುತ್ತದೆ. ಬ್ಯಾಟರಿಯ ಕವಚ ಉಬ್ಬಿದ್ದರೆ, ಎಲ್ಲಿಂದಲಾದರೂ ಸಿಹಿಯಾದ ರಾಸಾಯನಿಕದ ವಾಸನೆ ಬರುತ್ತಿದ್ದರೆ ಅಂದಿನ ಹಾರಾಟ ಮುಗಿಯಿತು. ಅದನ್ನು ಕಟ್ಟಡದಿಂದ ದೂರ, ಬಯಲಿನಲ್ಲಿಡಿ.

ಹಾರುವ ಜಾಗ ಬಯಲಾಗಿರಬೇಕು, ಹುಲ್ಲಿನದಾಗಿದ್ದರೆ ಇನ್ನೂ ಒಳ್ಳೆಯದು. ಒಣ ಮಣ್ಣು, ಮರಳು, ಜಲ್ಲಿಯ ಮೇಲೆ ಇಳಿದರೆ ಪ್ರೊಪೆಲರ್ ತಳ್ಳಿದ ಗಾಳಿ ಧೂಳೆಬ್ಬಿಸಿ ಕೊನೆಯ ಎರಡು ಮೀಟರಿನಲ್ಲಿ ನೆಲವೇ ಕಾಣದಂತೆ ಮಾಡುತ್ತದೆ, ಕಲ್ಲುಗಳನ್ನು ನೋಡುಗರ ಕಡೆಗೆ ತೂರುತ್ತದೆ. ನೋಡಲು ಬಂದವರನ್ನು ಕನಿಷ್ಠ ಐವತ್ತು ಮೀಟರ್ ಆಚೆಗೆ, ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಿಸಿ. ಒಬ್ಬರೇ ಎಂದೂ ಹಾರಬೇಡಿ. ಪ್ಯಾರಾಚೂಟ್‌ನ ಸ್ಫೋಟಕ ಎಲ್ಲಿದೆ, ಬ್ಯಾಟರಿಯ ಸಂಪರ್ಕ ತೆಗೆಯುವುದು ಹೇಗೆ ಎಂಬುದು ಗೊತ್ತಿರುವ ಒಬ್ಬರು ನೆಲದ ಮೇಲಿರಲಿ. ಬಿದ್ದವರನ್ನು ಎತ್ತಲು ಓಡಿಬಂದವರಿಗೆ ಇವೆರಡರಿಂದಲೂ ಅಪಾಯವಿದೆ.

ನಿಯಮಗಳ ಬಗ್ಗೆ ಒಂದು ಮಾತು. ಇಂಥ ಹಲವು ಯಂತ್ರಗಳು ಅಮೆರಿಕದಲ್ಲಿ 1982ರಿಂದ ಜಾರಿಯಲ್ಲಿರುವ ಭಾಗ 103 ಎಂಬ ಅತಿಹಗುರ ವಾಹನಗಳ ನಿಯಮವನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡಿವೆ. ಒಬ್ಬನೇ ಸವಾರ, ಎಂಜಿನ್ ಇರುವ ವಾಹನದ ಖಾಲಿ ತೂಕ 254 ಪೌಂಡಿಗಿಂತ ಕಡಿಮೆ, ಅಂದರೆ ಸುಮಾರು 115 ಕಿಲೋದೊಳಗೆ, ವೇಗ 55 ನಾಟ್ ಮೀರಬಾರದು, ಜನನಿಬಿಡ ಪ್ರದೇಶಗಳ ಮೇಲೆ ಹಾರಬಾರದು, ಹಗಲಲ್ಲೇ ಹಾರಬೇಕು. ಇವೂ ಸೇರಿದಂತೆ ಆ ನಿಯಮದ ಷರತ್ತುಗಳಿಗೆಲ್ಲ ಒಳಪಟ್ಟರೆ ಪೈಲಟ್ ಪರವಾನಗಿ ಬೇಕಿಲ್ಲ. 55 ನಾಟ್ ಎಂದರೆ ಗಂಟೆಗೆ 102 ಕಿಲೋಮೀಟರ್. ಜೆಟ್‌ಸನ್ ಒನ್‌ಗೆ ಹೇಳುವ ಗರಿಷ್ಠ ವೇಗವೂ ಅದೇ. ಪರವಾನಗಿ ಬೇಡ ಎಂಬುದನ್ನು ಜನ ಕಲಿಯಬೇಕಾದ್ದೇನೂ ಇಲ್ಲ ಎಂದು ಓದಿಕೊಳ್ಳುತ್ತಾರೆ. ಆ ನಿಯಮದ ಅರ್ಥ ಅದಲ್ಲ. ಆಪತ್ತನ್ನು ಸವಾರನೊಬ್ಬನಿಗೇ ಸೀಮಿತಗೊಳಿಸಿ, ಮಿಕ್ಕವರನ್ನು ಅದರಿಂದ ದೂರವಿಡುವುದು ಅದರ ಉದ್ದೇಶ. ನಿಮ್ಮ ದೇಶದ ವಿಮಾನಯಾನ ಪ್ರಾಧಿಕಾರದ ನಿಯಮ ಬೇರೆಯೇ ಇರಬಹುದು. ಲಿಖಿತ ಅನುಮತಿಯಿಲ್ಲದೆ ಬೋಲ್ಟ್ ಬಿಗಿಯುವ ಕೆಲಸಕ್ಕೂ ಕೈಹಾಕಬೇಡಿ.

ಮೊದಲ ಹಾರಾಟಗಳು ಮತ್ತು ಇಳಿಯುವುದು

ಮೊದಲ ದಿನ ಒಂದು ಮೀಟರ್ ಎತ್ತರ ಸಾಕು. ನೆಲಕ್ಕೆ ಇಷ್ಟು ಹತ್ತಿರವಿದ್ದಾಗ ತಳ್ಳಿದ ಗಾಳಿ ನೆಲಕ್ಕೆ ತಡೆದು ಕೆಳಗೆ ಮೆತ್ತೆಯಂತಾಗುವುದರಿಂದ ಕಡಿಮೆ ಶಕ್ತಿಗೇ ಯಂತ್ರ ನಿಲ್ಲುತ್ತದೆ, ಆದರೆ ತುಸು ಓಲಾಡುತ್ತದೆ. ಈ ಮೆತ್ತೆ ದಿಣ್ಣೆಯ ಅಂಚನ್ನೋ ಕಟ್ಟೆಯ ಅಂಚನ್ನೋ ದಾಟಿದೊಡನೆ ಮಾಯವಾಗುತ್ತದೆ. ಆಗ ಯಂತ್ರ ಒಮ್ಮೆಲೇ ಕುಸಿದಂತಾಗುವುದನ್ನು ನಿರೀಕ್ಷಿಸಿರಬೇಕು. ಏರಿ, ಹತ್ತು ಎಣಿಸುವಷ್ಟು ಹೊತ್ತು ನಿಂತು, ಇಳಿಯಿರಿ. ಮತ್ತೆ ಏರಿ, ಮತ್ತೆ ಇಳಿಯಿರಿ. ಒಂದು ಬ್ಯಾಟರಿಯ ಅವಧಿಯಲ್ಲಿ ಹತ್ತು ಸಲ ಇಳಿದವರು ಹತ್ತು ನಿಮಿಷ ಸುತ್ತಾಡಿದವರಿಗಿಂತ ಹೆಚ್ಚು ಕಲಿತಿರುತ್ತಾರೆ. ಆಮೇಲೆ ನಡಿಗೆಯ ವೇಗದಲ್ಲಿ ಮುಂದೆ ಹೋಗಿ ನಿಲ್ಲುವುದು, ಎಡಬಲಕ್ಕೆ ಸರಿಯುವುದು, ಗಾಳಿಗೆ ಎದುರಾಗಿ ತಿರುಗುವುದು. ಇವು ಯೋಚನೆಯಿಲ್ಲದೆ ಕೈಗೆ ಬರುವವರೆಗೆ ಮೂರು ಮೀಟರ್ ದಾಟಬೇಡಿ.

ಎತ್ತರದಿಂದ ಇಳಿಯುವಾಗ ನೇರವಾಗಿ, ರಭಸದಿಂದ ಕೆಳಗಿಳಿಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಪ್ರೊಪೆಲರ್‌ಗಳು ತಾವೇ ಕೆಳಕ್ಕೆ ತಳ್ಳಿದ ಗಾಳಿಯೊಳಗೆ ಮುಳುಗಿದಾಗ ಆ ಗಾಳಿ ಅಲಗುಗಳ ಸುತ್ತಲೇ ಬಳೆಯಂತೆ ಸುತ್ತಿ, ಎತ್ತುವ ಬಲ ಕುಸಿಯುತ್ತದೆ. ಯಂತ್ರ ನಡುಗಿ, ಕೆಳಗೆ ಜಾರತೊಡಗುತ್ತದೆ. ಥ್ರಾಟಲ್ ಹೆಚ್ಚಿಸಿದಷ್ಟೂ ಸುಳಿ ಬಲವಾಗುತ್ತದೆ. ಹೊರಬರುವ ದಾರಿ ಮುಂದಕ್ಕೋ ಪಕ್ಕಕ್ಕೋ ಸರಿದು ಕದಡದ ಗಾಳಿಗೆ ಹೋಗುವುದು. ಇದಕ್ಕೆ ಸಿಲುಕದಿರಲು ಮೆಟ್ಟಿಲಿಳಿಯುವಂತೆ ಮುಂದೆ ಸಾಗುತ್ತಲೇ ಓರೆಯಾಗಿ ಇಳಿಯಿರಿ, ಕೊನೆಯ ಕೆಲವು ಮೀಟರುಗಳನ್ನು ಮಾತ್ರ ನಿಧಾನವಾಗಿ ನೇರ ಇಳಿಯಿರಿ. ಹಾರುವ ದಾರಿಯುದ್ದಕ್ಕೂ ಈ ಕ್ಷಣ ಇಳಿಯಬೇಕಾದರೆ ಎಲ್ಲಿ ಇಳಿಯಲಿ ಎಂಬ ಜಾಗವೊಂದು ಕಣ್ಣಲ್ಲಿರಬೇಕು. ಅಂಥ ಜಾಗ ಕಾಣದ ಕಡೆಗೆ, ಅಂದರೆ ಕಾಡಿನ ಮೇಲೆ, ಆಳವಾದ ನೀರಿನ ಮೇಲೆ, ಜನರ ಮೇಲೆ, ಯಂತ್ರವನ್ನು ತಿರುಗಿಸಲೇಬಾರದು. ಬೆಲ್ಟ್ ಕಟ್ಟಿಕೊಂಡು ನೀರಿಗೆ ಬಿದ್ದರೆ ಅದನ್ನು ಬಿಚ್ಚುವುದೇ ಬೇರೆ ಹೋರಾಟ.

ನೆಲ ಮುಟ್ಟಿದ ಮೇಲೆ ಬೆಲ್ಟಿಗೆ ಕೈ ಹಾಕಬೇಡಿ, ಹೆಲ್ಮೆಟ್ ತೆಗೆಯಬೇಡಿ. ಮೋಟಾರ್‌ಗಳನ್ನು ನಿಲ್ಲಿಸಿ, ಎಂಟೂ ಪ್ರೊಪೆಲರ್‌ಗಳು ನಿಂತದ್ದನ್ನು ಕಣ್ಣಾರೆ ಎಣಿಸಿ, ಮುಖ್ಯ ಸ್ವಿಚ್ ತೆಗೆದು, ಪ್ಯಾರಾಚೂಟ್‌ನ ಸುರಕ್ಷಾ ಪಿನ್ ಹಾಕಿ. ಅಷ್ಟಾಗುವವರೆಗೆ ಒಂದು ಕೈಯನ್ನು ಮೇಲೆತ್ತಿ ಹಿಡಿದಿರಿ. ಯಾರೂ ಹತ್ತಿರ ಬರಬಾರದೆಂಬ ಸಂಕೇತ ಅದೆಂದು ನೆಲದಲ್ಲಿರುವ ಜೊತೆಗಾರರಿಗೆ ಮೊದಲೇ ಹೇಳಿರಬೇಕು. ಸಂತೋಷದಿಂದ ಓಡಿಬರುವವರು ಓಡಿಬರುವುದು ಸರಿಯಾಗಿ ಆ ಹೊತ್ತಿನಲ್ಲೇ. ಬ್ಯಾಟರಿ ಮುಟ್ಟಲು ಬಿಸಿಯಾಗಿರುತ್ತದೆ. ಅದು ತಣ್ಣಗಾಗುವವರೆಗೆ ಚಾರ್ಜಿಗೆ ಹಾಕಬೇಡಿ. ಮಲಗುವ ಕೋಣೆಯ ಕೆಳಗೋ ಮನೆಯ ಬಾಗಿಲಿನ ದಾರಿಯಲ್ಲೋ ಎಂದೂ ಚಾರ್ಜ್ ಮಾಡಬೇಡಿ. ಲಿಥಿಯಂ ಬ್ಯಾಟರಿಯ ಬೆಂಕಿ ಆರಿದಂತೆ ಕಂಡು ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಲ್ಲದು. ಬ್ಯಾಟರಿ ತಣಿಯುವ ಹೊತ್ತಿನಲ್ಲಿ ಪುಸ್ತಕ ತೆರೆದು ದಿನಾಂಕ, ಗಾಳಿಯ ವೇಗ, ಹಾರಿದ ನಿಮಿಷ, ಇಳಿದಾಗ ಉಳಿದಿದ್ದ ಚಾರ್ಜ್, ಎಲ್ಲಿಯಾದರೂ ಕೇಳಿಬಂದ ಹೊಸ ಸದ್ದು, ಇವಿಷ್ಟನ್ನು ಬರೆದಿಡಿ. ಮುಂದಿನ ಸಲ ಏರುವ ಮೊದಲು ತೆರೆಯಬೇಕಾದದ್ದು ಆ ಪುಟವನ್ನೇ.